ಪ್ಯಾಕೇಜ್ ಇಲ್ಲ ಅಂದಾಗ…

ಹೋದ ಭಾನುವಾರ ಎರಡನೇ ಕಾಫಿ ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಅರಸೀಕೆರೆಯಿಂದ ತಮ್ಮನ ಮಗಳ ಫೋನು. ಅವಳೂ ನನ್ನ ಹಾಗೇ ಬಿಕಾಂ. ವ್ಯತ್ಯಾಸ ಇಷ್ಟೇ, ನಾವು ಕಾಲೇಜಿನಲ್ಲಿ ಕಂಪ್ಯೂಟರಿನ ಚಿತ್ರ ಮಾತ್ರ ನೋಡಿದವರು. ಈಗಿನ ಬಿಕಾಂ ಮಕ್ಕಳಿಗೆ ಲ್ಯಾಬಿನಲ್ಲಿ ಕೂರಿಸಿ ‘ಆರ್’ ಅನ್ನೋ ಭಾಷೆಯಲ್ಲಿ ಲೆಕ್ಕ ಮಾಡಿಸ್ತಾರೆ.

“ದೊಡ್ಡಪ್ಪಾ, ಶುಕ್ರವಾರ ಲ್ಯಾಬಲ್ಲಿ ಸರಿಯಾಗಿ ಬಂತು. ಅದೇ ಪ್ರೋಗ್ರಾಂ ಮನೇಲಿ ಹಾಕಿದ್ರೆ ಅಂಥಾ ಹೆಸರಿನ ಪ್ಯಾಕೇಜೇ ಇಲ್ಲ ಅಂತಿದೆ. ಕಂಪ್ಯೂಟರ್ ಕೆಟ್ಟಿದ್ಯಾ?”

“ಕಂಪ್ಯೂಟರ್ ಚೆನ್ನಾಗೇ ಇದೆ ಕಣಮ್ಮ. ಸ್ಟ್ರಾಂಗ್ ರೂಮಿಗೆ ದುಡ್ಡೇ ಬಂದಿಲ್ಲ, ನೀನು ಆಗಲೇ ಕೌಂಟರಲ್ಲಿ ಕೂತು ಎಣಿಸೋಕೆ ಹೊರಟಿದ್ದೀಯ.”

ಆ ಕಡೆಯಿಂದ ಸದ್ದಿಲ್ಲ. ದೊಡ್ಡಪ್ಪನಿಗೆ ವಯಸ್ಸಾಯಿತು ಅಂದುಕೊಂಡಳೋ ಏನೋ! ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನದೇ ಹಳೇ ಪಾಡು ನೆನಪಾಗಿ ಇಷ್ಟುದ್ದ ಬರೆಯಬೇಕು ಅನ್ನಿಸಿತು. ಕಂಪ್ಯೂಟರ್ ಓದಿದವರು ಇದನ್ನು ಓದಿ ನಕ್ಕರೆ ನಗಲಿ. ನಾನು ಬರೀತಿರೋದು ನನ್ನಂಥ ಲೆಡ್ಜರ್ ಜನಕ್ಕೆ.

ಮೊದಲು ಸ್ಟ್ರಾಂಗ್ ರೂಮಿನ ವಿಷಯ. ಬ್ಯಾಂಕಿಗೆ ನೋಟಿನ ಕಟ್ಟು ಬಂದಾಗ ಅದು ಸ್ಟ್ರಾಂಗ್ ರೂಮಿಗೆ ಹೋಗುತ್ತದೆ. ಅಲ್ಲಿ ಇದ್ದ ಮಾತ್ರಕ್ಕೆ ಗಿರಾಕಿಗೆ ಕೊಡೋಕಾಗಲ್ಲ. ದಿನಾ ಬೆಳಿಗ್ಗೆ ಇಬ್ಬರು ಎರಡು ಬೀಗದ ಕೈ ಹಾಕಿ ತೆಗೆದು, ಬೇಕಾದಷ್ಟು ಕ್ಯಾಷಿಯರ್ ಮೇಜಿಗೆ ತರಬೇಕು. ಸಂಜೆ ಮತ್ತೆ ಒಳಗೆ. ಆರ್‌ನಲ್ಲೂ ಹೀಗೇ ಎರಡು ಕೆಲಸ. ‘ಇನ್‌ಸ್ಟಾಲ್ ಪ್ಯಾಕೇಜಸ್’ ಅನ್ನೋ ಅಪ್ಪಣೆ ಹೊರಗಿನಿಂದ ಪ್ಯಾಕೇಜು ತಂದು ನಿಮ್ಮ ಡಿಸ್ಕಿನಲ್ಲಿ ಇಡುತ್ತದೆ. ಅದು ಒಂದು ಕಂಪ್ಯೂಟರಿಗೆ ಒಂದು ಸಲ. ‘ಲೈಬ್ರರಿ’ ಅನ್ನೋ ಅಪ್ಪಣೆ ಅಲ್ಲಿಂದ ಎತ್ತಿ ಮೇಜಿಗೆ ತರುತ್ತದೆ. ಅದು ಪ್ರತಿ ಸಲ ಆರ್ ತೆರೆದಾಗಲೂ. ಕಾಲೇಜಿನ ಲ್ಯಾಬಿನಲ್ಲಿ ಯಾರೋ ಮೊದಲನೇ ಕೆಲಸ ಮುಗಿಸಿಟ್ಟಿದ್ದರು. ಹುಡುಗಿಗೆ ಎರಡನೇದು ಮಾತ್ರ ಕಲಿಸಿದ್ದರು. ಮನೆಯಲ್ಲಿ ಮೊದಲನೇದು ಯಾರು ಮಾಡ್ತಾರೆ?

ಇದು ದಡ್ಡತನ ಅಲ್ಲ. ಒಂದು ಕಾಲದಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಅಂತ ಕಣ್ಣಿಗೇ ಕಾಣಿಸುತ್ತಿತ್ತು. ಈಗ ಎರಡೂ ಒಂದೊಂದು ಸಾಲಿನೊಳಗೆ ಅಡಗಿ ಕೂತಿವೆ. ಅದಕ್ಕೇ ಹೊಸಬರು ಎಡವುತ್ತಾರೆ.

ಕಣ್ಣಿಗೆ ಕಾಣುತ್ತಿದ್ದ ಕಾಲ ಯಾವುದು ಅಂತೀರಾ? 1949. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಆ ವರ್ಷದ ಮೇ 6ರಂದು ಎಡ್ಸಾಕ್ ಅನ್ನೋ ಯಂತ್ರ ಮೊದಲ ಲೆಕ್ಕ ಮಾಡಿತು. ಅದನ್ನು ಕಟ್ಟಿಸಿದವರು ಮಾರಿಸ್ ವಿಲ್ಕ್ಸ್. ಪ್ರೋಗ್ರಾಮುಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಯಂತ್ರಕ್ಕೆ ಉಣಿಸಬೇಕಿತ್ತು. ತಾನೇ ಬರೆದ ಪ್ರೋಗ್ರಾಮಿನ ತಪ್ಪು ಹುಡುಕೋದರಲ್ಲೇ ಉಳಿದ ಆಯುಷ್ಯದ ದೊಡ್ಡ ಪಾಲು ಕಳೆದುಹೋಗುತ್ತದೆ ಅಂತ ವಿಲ್ಕ್ಸ್ ಅವರಿಗೆ ಆ ದಿನಗಳಲ್ಲೇ ಹೊಳೆಯಿತಂತೆ, ಅವರೇ ಬರೆದುಕೊಂಡಿದ್ದಾರೆ. ಹಾಗಾದರೆ ಒಬ್ಬರು ಸರಿ ಮಾಡಿಟ್ಟದ್ದನ್ನು ಇನ್ನೊಬ್ಬರು ಯಾಕೆ ಮತ್ತೆ ಬರೆಯಬೇಕು? ವರ್ಗಮೂಲ ತೆಗೆಯೋದು, ಸೈನ್ ಬೆಲೆ ಹುಡುಕೋದು, ಉತ್ತರವನ್ನು ಅಚ್ಚುಕಟ್ಟಾಗಿ ಮುದ್ರಿಸೋದು, ಇಂಥವನ್ನೆಲ್ಲ ಒಂದೊಂದು ಪಟ್ಟಿಯಲ್ಲಿ ಹೊಡೆದು ಸ್ಟೀಲ್ ಬೀರುವಿನ ಡ್ರಾಯರುಗಳಲ್ಲಿ ಇಟ್ಟರು. 1951ರ ಹೊತ್ತಿಗೆ ಅಂಥ 87 ಪಟ್ಟಿಗಳಿದ್ದವು.

ಬೇಕಾದವರು ಬೀರು ತೆಗೆದು ಪಟ್ಟಿ ಹುಡುಕಬೇಕು. ಅದನ್ನು ಯಂತ್ರದಲ್ಲಿ ತಮ್ಮ ಪಟ್ಟಿಯ ಮೇಲೆ ನಕಲು ಮಾಡಿಕೊಂಡು, ಮೂಲವನ್ನು ಬೀರುವಿಗೆ ವಾಪಸ್ ಇಡಬೇಕು. ಇದು ತರುವ ಕೆಲಸ. ಇನ್ನು ಮೇಜಿಗೆ ಇಡುವ ಕೆಲಸ. ತಂದ ಪಟ್ಟಿ ಯಂತ್ರದ ನೆನಪಿನಲ್ಲಿ ಒಂದೊಂದು ಸಲ ಒಂದೊಂದು ಜಾಗದಲ್ಲಿ ಕೂರುತ್ತದೆ. ಅದರೊಳಗಿನ ವಿಳಾಸಗಳೆಲ್ಲ ಅದಕ್ಕೆ ತಕ್ಕಂತೆ ಬದಲಾಗಬೇಕು. ಇದನ್ನು ಯಂತ್ರವೇ ಮಾಡಿಕೊಳ್ಳುವ ಹಾಗೆ ಒಂದು ಪುಟ್ಟ ಪ್ರೋಗ್ರಾಂ ಬರೆದವನು ಡೇವಿಡ್ ವ್ಹೀಲರ್ ಅನ್ನೋ ವಿದ್ಯಾರ್ಥಿ. ಆಗ ಅವನ ವಯಸ್ಸು 22. ನಾನು ಆ ವಯಸ್ಸಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಗೈಡ್ ಓದುತ್ತಿದ್ದೆ, ಇರಲಿ ಬಿಡಿ. ವಿಲ್ಕ್ಸ್, ವ್ಹೀಲರ್, ಸ್ಟ್ಯಾನ್ಲಿ ಗಿಲ್ ಮೂವರೂ ಸೇರಿ 1951ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ಅದರಲ್ಲಿ ಆ ಬೀರುವಿನ ಪಟ್ಟಿಗಳ ವಿವರವೂ ಇದೆ. ಇವತ್ತು ನಾವು ಪ್ಯಾಕೇಜಿನ ಕೈಪಿಡಿ ಅಂತೀವಲ್ಲ, ಅದರ ಮುತ್ತಜ್ಜ.

ನಮ್ಮ ಮದರಾಸಿಗೆ ಬರೋಣ. ವೆಸ್ಟ್ ಮಾಂಬಲಂನ ನಮ್ಮ ಮನೆಯಿಂದ ಐಐಟಿ ಬಹಳ ದೂರವೇನಲ್ಲ. ಮಾಂಬಲಂನಲ್ಲಿ ರೈಲು ಹತ್ತಿದರೆ ಮುಂದಿನ ಸ್ಟೇಷನ್ ಸೈದಾಪೇಟೆ, ಅಲ್ಲಿಂದ ಬಸ್ಸು. 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಶುರುವಾದ ಈ ಐಐಟಿಗೆ 1973ರಲ್ಲಿ ಐಬಿಎಂ 370 ಬಂತು. ಕಾರ್ಡುಗಳಲ್ಲಿ ತೂತು ಹೊಡೆದು ಕಟ್ಟು ಕಟ್ಟಿ ಕೌಂಟರಿನಲ್ಲಿ ಕೊಟ್ಟು ಬರೋದು, ಆಮೇಲೆ ಹೋಗಿ ಉತ್ತರದ ಕಾಗದ ತಗೊಳ್ಳೋದು. ಅಲ್ಪವಿರಾಮ ಒಂದು ತಪ್ಪಿದರೂ ಮತ್ತೆ ಮೊದಲಿಂದ! ಐಬಿಎಂ ತನ್ನ ಯಂತ್ರಗಳ ಗಿರಾಕಿಗಳಿಗೆ ಫೋರ್ಟ್ರಾನಿನಲ್ಲಿ ಬರೆದ ಇನ್ನೂರಕ್ಕೂ ಹೆಚ್ಚು ಲೆಕ್ಕದ ತುಣುಕುಗಳ ಒಂದು ಗಂಟು ಕೊಡುತ್ತಿತ್ತು. ಸೈಂಟಿಫಿಕ್ ಸಬ್‌ರುಟೀನ್ ಪ್ಯಾಕೇಜ್ ಅಂತ ಅದರ ಹೆಸರು. ‘ಪ್ಯಾಕೇಜ್’ ಅನ್ನೋ ಮಾತು ಈ ಅರ್ಥದಲ್ಲಿ ಆಗಲೇ ಇತ್ತು ನೋಡಿ. ಆದರೆ ಅದು ಯಂತ್ರ ಮಾರಿದವನೇ ಕೊಟ್ಟದ್ದು, ಅಂದರೆ ಮನೆ ಕಟ್ಟಿಸಿಕೊಟ್ಟವನೇ ಪಾತ್ರೆ ಪಡಗ ಕೊಟ್ಟ ಹಾಗೆ. ಯಾರೋ ಗುರುತಿಲ್ಲದವರು ಬರೆದದ್ದನ್ನು ಇನ್ಯಾರೋ ಹಾಕಿಕೊಳ್ಳುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ಆಮೇಲೆ.

ಅದಕ್ಕೆ ದಾರಿ ಮಾಡಿದ್ದರಲ್ಲಿ ಒಂದು ಅಂಚೆ, ಅಂದರೆ ಇಮೇಲ್ ಅಂಚೆ. 1985ರಲ್ಲಿ ಅಮೆರಿಕದ ಜ್ಯಾಕ್ ಡೊಂಗಾರ ಮತ್ತು ಎರಿಕ್ ಗ್ರಾಸ್ ನೆಟ್‌ಲಿಬ್ ಅಂತ ಒಂದು ವ್ಯವಸ್ಥೆ ಮಾಡಿದರು. ಇಂಥ ಕಟ್ಟಿನಿಂದ ಇಂಥ ತುಣುಕು ಕಳಿಸು ಅಂತ ಒಂದು ಸಾಲು ಬರೆದು ಇಮೇಲ್ ಹಾಕಿದರೆ, ಮನುಷ್ಯರು ಯಾರೂ ಮುಟ್ಟದೆ ಉತ್ತರದಲ್ಲಿ ಪ್ರೋಗ್ರಾಂ ಬರುತ್ತಿತ್ತು. ನನಗೆ ಬಹಳ ಹಿಡಿಸಿದ ವಿಷಯ ಇನ್ನೊಂದು. ನೀವು ಕೇಳಿದ ತುಣುಕಿಗೆ ಬೇರೆ ನಾಲ್ಕು ತುಣುಕು ಬೇಕಿದ್ದರೆ ಅವನ್ನೂ ಸೇರಿಸಿಯೇ ಕಳಿಸುತ್ತಿತ್ತು. ಮದುವೆಗೆ ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ. ಅದು ಬೇಡ, ಇಷ್ಟೇ ಸಾಕು ಅಂತ ಹೇಳೋಕೂ ಒಂದು ಪದ ಇತ್ತು. ನಮ್ಮ ಐಐಟಿಗಳು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಇವೆಲ್ಲ ಅರ್ನೆಟ್ ಅನ್ನೋ ಜಾಲದಲ್ಲಿ ಇಮೇಲ್ ಕಂಡದ್ದು 80ರ ದಶಕದ ಕೊನೆಗೆ. ನಮ್ಮ ನಿಮ್ಮಂಥವರ ಕೈಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ, ವಿಎಸ್ಎನ್ಎಲ್ ಮೂಲಕ.

ಇಷ್ಟರಲ್ಲಿ ಹೊರಗೆ ದೊಡ್ಡ ದೊಡ್ಡ ಉಗ್ರಾಣಗಳು ಎದ್ದವು. ಟೆಕ್ ಅನ್ನೋ ಅಕ್ಷರ ಜೋಡಣೆ ವ್ಯವಸ್ಥೆಯ ಪ್ಯಾಕೇಜುಗಳಿಗೆ 1992–93ರಲ್ಲಿ ಸಿಟ್ಯಾನ್. ಅದನ್ನು ನೋಡಿ ಪರ್ಲ್ ಭಾಷೆಯವರು 1995ರಲ್ಲಿ ಮಾಡಿಕೊಂಡದ್ದು ಸಿಪ್ಯಾನ್. ಅವೆರಡನ್ನೂ ನೋಡಿ 1997ರ ಏಪ್ರಿಲ್ 23ರಂದು ಆಸ್ಟ್ರಿಯಾದ ವಿಯೆನ್ನಾದಲ್ಲಿ ಕರ್ಟ್ ಹಾರ್ನಿಕ್ ಮತ್ತು ಫ್ರೀಡ್ರಿಶ್ ಲೈಶ್ ಆರಂಭಿಸಿದ್ದು ಕ್ರ್ಯಾನ್. ಇದು ಆರ್ ಭಾಷೆಯ ಉಗ್ರಾಣ. ಆರ್ ಅನ್ನೋದು ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಅನ್ನೋ ಇಬ್ಬರು ಮೇಷ್ಟರ ಕೈಯಲ್ಲಿ. ಉಗ್ರಾಣ ತೆರೆದ ದಿನ ಅದರಲ್ಲಿದ್ದದ್ದು ಬರೇ 12 ಪ್ಯಾಕೇಜು. 2023ರಲ್ಲಿ 20 ಸಾವಿರ ದಾಟಿತು. ಬೀರುವಿನ 87 ಪಟ್ಟಿ ಎಲ್ಲಿ, ಇದೆಲ್ಲಿ!

ಈಗ ನನ್ನ ಕಥೆ.

ನಾನು ಬ್ಯಾಂಕಿಗೆ ಸೇರಿದ್ದು 1990ರಲ್ಲಿ, ಮದರಾಸಿಗೆ ವರ್ಗವಾಗಿ ಬಂದದ್ದು 1994ರಲ್ಲಿ. ಎರಡು ವರ್ಷ ಇದ್ದು ವಾಪಸ್ ಹೋಗೋದು ಅಂತ ಬಂದವನು ಇಲ್ಲೇ ಬೇರು ಬಿಟ್ಟೆ. 2007ರಲ್ಲಿ ರಿಸರ್ವ್ ಬ್ಯಾಂಕು ಬಾಸೆಲ್–2 ನಿಯಮಗಳನ್ನು ಹೊರಡಿಸಿತು. ಸಾಲದ ಅಪಾಯವನ್ನು ಅಳೆದು ಬಂಡವಾಳ ಇಡಬೇಕು ಅಂತ. ನಮ್ಮನ್ನೆಲ್ಲ ತರಬೇತಿಗೆ ಹಾಕಿದರು. ಅಲ್ಲಿ ಪಾಠ ಮಾಡಲು ಬಂದವರೊಬ್ಬರು ಊಟದ ಹೊತ್ತಿನಲ್ಲಿ, “ಇದನ್ನೆಲ್ಲ ಮಾಡೋ ಸಾಫ್ಟ್‌ವೇರ್‌ಗೆ ಲಕ್ಷಗಟ್ಟಲೆ ಕೊಡಬೇಕು ಸಾರ್. ಆದ್ರೆ ಆರ್ ಅಂತ ಒಂದಿದೆ, ಕಾಸಿಲ್ಲದೆ ಸಿಗತ್ತೆ” ಅಂದರು. ಕಾಸಿಲ್ಲದೆ ಅಂದ ಮೇಲೆ ಬಿಡೋದುಂಟೇ?

ಮನೆಯಲ್ಲಿ ಕಂಪ್ಯೂಟರ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಮಗ ಹತ್ತನೇ ಕ್ಲಾಸು, ಬೇಡ ಅಂತ ನನ್ನಾಕೆಯ ಕಟ್ಟಪ್ಪಣೆ. ಆರ್ಯಗೌಡ ರಸ್ತೆಯ ಒಂದು ಬ್ರೌಸಿಂಗ್ ಸೆಂಟರೇ ಗತಿ. (ನಮ್ಮೂರಲ್ಲಿ ಸೈಬರ್ ಅಂತೀವಿ, ಇಲ್ಲಿ ಬ್ರೌಸಿಂಗ್ ಸೆಂಟರ್.) ಗಂಟೆಗೆ 20 ರೂಪಾಯಿ. ಅಲ್ಲಿ ಕೂತು ಆರ್ ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ. ಅದೇನೋ ಸುಲಭವಾಗಿ ಕೂತಿತು. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಠೇವಣಿ ಅಂಕಿಗಳನ್ನು ಹಾಕಿ ಏರಿಳಿತ ನೋಡಬೇಕು ಅಂತ ನನ್ನ ಆಸೆ. ಅದಕ್ಕೆ ‘ಟಿಸೀರೀಸ್’ ಅನ್ನೋ ಪ್ಯಾಕೇಜು ಬೇಕು ಅಂತ ಓದಿಕೊಂಡೆ. ಮಾರನೇ ದಿನ ಹೋಗಿ ಅದರ ಜಿಪ್ ಫೈಲು ತಂದೆ. ಮೆನುವಿನಲ್ಲಿ ಜಿಪ್ ಫೈಲಿನಿಂದ ಇನ್‌ಸ್ಟಾಲ್ ಮಾಡು ಅನ್ನೋ ಸಾಲಿತ್ತು, ಒತ್ತಿದೆ. ಆಯಿತು ಅಂದಿತು. ಖುಷಿಯಿಂದ ಲೈಬ್ರರಿ ಅಂತ ಕರೆದರೆ ‘ಕ್ವಾಡ್‌ಪ್ರಾಗ್’ ಬೇಕು ಅಂತ ಕೆಂಪಕ್ಷರ.

ಮೂರನೇ ದಿನ ಕ್ವಾಡ್‌ಪ್ರಾಗ್ ತಂದೆ. ಈಗ ‘ಝೂ’ ಬೇಕಂತೆ.

ಮತ್ತೆ ಚಪ್ಪಲಿ ಮೆಟ್ಟಿಕೊಂಡೆ. “ಇಷ್ಟೊತ್ತಲ್ಲಿ ಎಲ್ಲಿಗೆ?” ಅಂದಳು ನನ್ನಾಕೆ.

“ಝೂ ತರೋಕೆ.”

“ವಂಡಲೂರಿಗಾ? ಒಬ್ಬರೇನಾ?”

ಅವಳು ಇವತ್ತಿಗೂ ನಾಲ್ಕು ಜನ ಸೇರಿದ ಕಡೆ ಇದನ್ನು ಹೇಳಿ ನಗಿಸ್ತಾಳೆ. ಝೂ ಅಂದರೆ ಪ್ರಾಣಿ ಸಂಗ್ರಹಾಲಯ ಅಲ್ಲ, ದಿನಾಂಕದ ಕ್ರಮದಲ್ಲಿ ಅಂಕಿಗಳನ್ನು ಜೋಡಿಸಿಡುವ ಪ್ಯಾಕೇಜು. ಅಂತೂ ನಾಲ್ಕನೇ ದಿನ ರಾತ್ರಿ ಹನ್ನೊಂದಕ್ಕೆ ನನ್ನ ಮೊದಲ ನಕ್ಷೆ ಪರದೆ ಮೇಲೆ ಬಂತು. ನೆಟ್‌ಲಿಬ್ 1985ರಲ್ಲೇ ಮನೆಮಂದಿಯನ್ನೆಲ್ಲ ಸೇರಿಸಿ ಕಳಿಸುತ್ತಿತ್ತು. ನಾನು 2007ರಲ್ಲಿ ಒಬ್ಬೊಬ್ಬರನ್ನೇ ಆಟೋದಲ್ಲಿ ಕರೆತಂದೆ. ಇಂಟರ್‌ನೆಟ್ ಇದ್ದ ಕಂಪ್ಯೂಟರಾಗಿದ್ದರೆ ಆರ್ ತಾನಾಗೇ ಮೂರನ್ನೂ ತರುತ್ತಿತ್ತು ಅನ್ನೋದು ಆಗ ಗೊತ್ತಿರಲಿಲ್ಲ. ಆದರೆ ನನಗೆ ನಷ್ಟವಾಯಿತು ಅಂತ ಅನ್ನಿಸಲಿಲ್ಲ. ಯಾವುದು ಯಾವುದರ ಮೇಲೆ ನಿಂತಿದೆ ಅಂತ ಕಾಲಿನಿಂದ ನಡೆದು ಕಲಿತವನು ನಾನು.

ಇನ್ನೊಂದು ಮಾತು. ಆ ಜಿಪ್ ಫೈಲುಗಳು ಆಕಾಶದಿಂದ ಉದುರಿದ್ದಲ್ಲ. ಪ್ಯಾಕೇಜು ಬರೆದವರು ಮೂಲವನ್ನು ಕೊಡುತ್ತಾರೆ, ಅದನ್ನು ವಿಂಡೋಸಿಗೆ ಹೊಂದುವಂತೆ ಸಿದ್ಧ ಮಾಡಿ ಉಗ್ರಾಣದಲ್ಲಿ ಇಡುತ್ತಿದ್ದವರು ಜರ್ಮನಿಯ ಡಾರ್ಟ್‌ಮುಂಡಿನ ಊವೆ ಲಿಗಸ್. ಆರ್ ಅನ್ನು ನೋಡಿಕೊಳ್ಳುವ ಮುಖ್ಯ ತಂಡದಲ್ಲಿ ನಮ್ಮ ದೆಹಲಿಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ದೀಪಾಯನ್ ಸರ್ಕಾರ್ ಇದ್ದಾರೆ. ಆರ್ ಜೊತೆಗೇ ಬರುವ ‘ಲ್ಯಾಟಿಸ್’ ಅನ್ನೋ ನಕ್ಷೆಯ ಪ್ಯಾಕೇಜು ಅವರದು. ಕ್ರ್ಯಾನ್‌ನಲ್ಲಿ ಯಾರಾದರೂ ಪ್ಯಾಕೇಜು ಕಳಿಸಿದರೆ ಪರೀಕ್ಷೆ ನಡೆಸಿ, ಮನುಷ್ಯರೂ ಕಣ್ಣಾಡಿಸಿ ಒಳಗೆ ಬಿಡುತ್ತಾರೆ. ಬರೆದವರ ಇಮೇಲ್ ಕೆಲಸ ಮಾಡಲೇಬೇಕು. ನಮ್ಮಲ್ಲಿ ಖಾತೆ ತೆರೆಯೋಕೆ ಪರಿಚಯದವರ ಸಹಿ ಕೇಳುತ್ತಿದ್ದೆವಲ್ಲ, ಹಾಗೆ.

ನಮ್ಮ ಮಹಡಿ ಮೇಲಿನ ಮನೆಯಲ್ಲಿ ಗಿಂಡಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗೋ ಹುಡುಗ ಇದ್ದ. ನನ್ನ ಅವಸ್ಥೆ ನೋಡಲಾರದೆ, “ಮಾಮಾ, ಎರಡನೇ ಶನಿವಾರ ನನ್ನ ಜೊತೆ ಬನ್ನಿ” ಅಂತ ಐಐಟಿಗೆ ಕರೆದುಕೊಂಡು ಹೋದ. ಚೆನ್ನೈನ ಲಿನಕ್ಸ್ ಬಳಕೆದಾರರ ಕೂಟ ಅಲ್ಲಿ ಗಜೇಂದ್ರ ಸರ್ಕಲ್ ಹತ್ತಿರ ಏರೋಸ್ಪೇಸ್ ವಿಭಾಗದ ಕ್ಲಾಸಿನಲ್ಲಿ ತಿಂಗಳಿಗೊಮ್ಮೆ ಮಧ್ಯಾಹ್ನ ಮೂರಕ್ಕೆ ಸೇರುತ್ತಿತ್ತು. ಆಗ ಬ್ಯಾಂಕಿಗೆ ಶನಿವಾರ ಅರ್ಧ ದಿನ. (ಎರಡನೇ, ನಾಲ್ಕನೇ ಶನಿವಾರ ಪೂರ್ತಿ ರಜ ಸಿಕ್ಕಿದ್ದು 2015ರ ಸೆಪ್ಟೆಂಬರಿನಿಂದ.) ಕ್ಯಾಷ್ ಟ್ಯಾಲಿ ಮಾಡಿ ಅಲ್ಲಿಗೆ ಓಡೋದು. ಟೈ ಬಿಚ್ಚಿ ಜೇಬಿಗೆ ತುರುಕಿದ ನಡುವಯಸ್ಸಿನವನು ನಾನೊಬ್ಬನೇ, ಸುತ್ತ ಮಕ್ಕಳು. ಯಾರೂ ನಗಲಿಲ್ಲ. ಅಲ್ಲೇ ಮೊದಲ ಸಲ ಪೈಥಾನ್ ನೋಡಿದ್ದು. ಲಿನಕ್ಸಿನಲ್ಲಿ ಒಂದೇ ಸಾಲು ಬರೆದರೆ ಪ್ಯಾಕೇಜು, ಅದರ ನೆಂಟರು ಇಷ್ಟರೆಲ್ಲ ತಾವಾಗೇ ಬಂದು ಕೂರೋದನ್ನು ನೋಡಿ ಬಾಯಿ ಬಿಟ್ಟೆ.

ಆಮೇಲೆ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಮೊದಲ ಸಲ ಪ್ಯಾಕೇಜು ಕೇಳಿದಾಗ ಆರ್ ಒಂದು ಪಟ್ಟಿ ಕೊಟ್ಟು, ಯಾವ ಊರಿನಿಂದ ತರಲಿ ಅಂತ ಕೇಳುತ್ತದೆ. ವಿಯೆನ್ನಾದ ಉಗ್ರಾಣದ ಪಡಿಯಚ್ಚುಗಳು ಊರೂರಿನಲ್ಲಿ ಇರುತ್ತವೆ. ಕೆಲವು ವರ್ಷ ಆ ಪಟ್ಟಿಯಲ್ಲಿ ಐಐಟಿ ಮದ್ರಾಸಿನದೂ ಇತ್ತು. ಅದನ್ನು ನೋಡಿದ ದಿನ ಒಂದು ಥರಾ ಹೆಮ್ಮೆ. ವಿಯೆನ್ನಾದಿಂದ ತರಿಸುತ್ತಿದ್ದ ಸಾಮಾನು ಸೈದಾಪೇಟೆ ದಾಟಿದರೆ ಸಿಗುತ್ತಿದೆ ಅಂತ. ವೇಗವಾಗಿ ಬಂತೋ ಇಲ್ಲವೋ ಬೇರೆ ಮಾತು, ನಾನಂತೂ ಅದನ್ನೇ ಒತ್ತುತ್ತಿದ್ದೆ.

ಪೈಥಾನಿನ ಪಾಡು ಸ್ವಲ್ಪ ಬೇರೆ. ಅದರ ಉಗ್ರಾಣ ಪೈಪಿಐ ಶುರುವಾದದ್ದು 2003ರಲ್ಲಿ. ಅಲ್ಲಿಂದ ಸಾಮಾನು ತರುವ ‘ಪಿಪ್’ ಅನ್ನೋ ಆಳನ್ನು ಇಯಾನ್ ಬಿಕಿಂಗ್ 2008ರಲ್ಲಿ ಮಾಡಿದರು. ಆ ಆಳು ಪೈಥಾನ್ ಜೊತೆಗೇ ಮನೆಗೆ ಬರುವಂತಾದದ್ದು 2014ರ 3.4ನೇ ಆವೃತ್ತಿಯಿಂದ. ಅಂದರೆ ಅಲ್ಲಿಯವರೆಗೆ ಹೊಸಬರು ಪ್ಯಾಕೇಜು ಹಾಕೋದಕ್ಕೆ ಮುಂಚೆ ಪ್ಯಾಕೇಜು ಹಾಕುವವನನ್ನು ಹಾಕಬೇಕಿತ್ತು! ಇನ್ನೊಂದು ಕಿರಿಕಿರಿ ಹೆಸರಿನದು. ಉಗ್ರಾಣದಲ್ಲಿ ಒಂದು ಹೆಸರು, ಮೇಜಿನ ಮೇಲೆ ಕರೆಯೋದು ಇನ್ನೊಂದು. ತರುವಾಗ ‘ಪಿಲೋ’, ಕರೆಯುವಾಗ ‘ಪಿಐಎಲ್’. ತರುವಾಗ ‘ಸೈಕಿಟ್ ಲರ್ನ್’, ಕರೆಯುವಾಗ ‘ಎಸ್‌ಕೆ ಲರ್ನ್’. ಶಾಲೆಯ ರಿಜಿಸ್ಟರಿನಲ್ಲಿ ವೆಂಕಟನರಸಿಂಹಯ್ಯ, ಮನೆಯಲ್ಲಿ ಪುಟ್ಟ ಅಂದ ಹಾಗೆ. ಗೊತ್ತಿಲ್ಲದವರು ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಒಳಗಿನವನು ಬರಲ್ಲ.

ಹೆಸರು ತಪ್ಪಿದರೆ ಬರಲ್ಲ ಅನ್ನೋದು ಪುಣ್ಯ. ತಪ್ಪಿದ ಹೆಸರಿಗೂ ಯಾರೋ ಓಗೊಟ್ಟರೆ? 2017ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯಾ ದೇಶದ ಭದ್ರತಾ ಇಲಾಖೆಯವರು ಪೈಪಿಐನಲ್ಲಿ ಅಂಥ ಹತ್ತು ಪ್ಯಾಕೇಜು ಹಿಡಿದರು. ಹೆಸರಾದ ಪ್ಯಾಕೇಜುಗಳ ಹೆಸರಿನಲ್ಲೇ ಒಂದಕ್ಷರ ಬಿಟ್ಟೋ ಒಂದು ಗೀಟು ಸೇರಿಸಿಯೋ ಯಾರೋ ಇಟ್ಟಿದ್ದರು. ‘ಯುಆರ್‌ಎಲ್‌ಲಿಬ್3’ ಬದಲು ಎಲ್ ಒಂದು ಕಡಿಮೆ. ಒಳಗೆ ಅಸಲಿ ಮಾಲೇ ಇತ್ತು, ಜೊತೆಗೆ ಹಾಕಿಕೊಂಡವರ ಕಂಪ್ಯೂಟರಿನ ಹೆಸರು, ಬಳಕೆದಾರನ ಹೆಸರು ಎಲ್ಲಿಗೋ ಕಳಿಸುವ ನಾಲ್ಕು ಸಾಲು. ಕ್ರ್ಯಾನ್ ಥರ ಬಾಗಿಲಲ್ಲಿ ನಿಂತು ನೋಡುವವರು ಪೈಪಿಐನಲ್ಲಿ ಇರಲಿಲ್ಲ, ಯಾರು ಬೇಕಾದರೂ ಇಡಬಹುದಿತ್ತು. ಲಕ್ಷಗಟ್ಟಲೆ ಪ್ಯಾಕೇಜು ಇರುವ ಕಡೆ ಒಂದೊಂದನ್ನೂ ಮನುಷ್ಯರು ನೋಡೋದು ಆಗದ ಮಾತು ಅನ್ನೋದೂ ನಿಜ. ಚೆಕ್ಕಿನ ಮೇಲೆ ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ವಾಪಸ್ ಮಾಡಿ ಗಿರಾಕಿಗಳಿಂದ ಬೈಸಿಕೊಂಡವನು ನಾನು. ಈ ಸುದ್ದಿ ಓದಿದ ದಿನ ಮನಸ್ಸಿಗೆ ಸ್ವಲ್ಪ ಸಮಾಧಾನ ಆಯಿತು.

ಅದಕ್ಕೂ ಮುಂಚೆ, 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟಿನವರ ಉಗ್ರಾಣದಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ಒಂದು ಹೆಸರಿನ ಜಗಳದಲ್ಲಿ ಬೇಸತ್ತ ಲೇಖಕ ತನ್ನ ಪ್ಯಾಕೇಜುಗಳನ್ನೆಲ್ಲ ಎತ್ತಿಕೊಂಡು ಹೋದ. ಅದರಲ್ಲಿ ‘ಲೆಫ್ಟ್‌ಪ್ಯಾಡ್’ ಅನ್ನೋದು ಬರೇ 11 ಸಾಲಿನದು, ಎಡಗಡೆ ಖಾಲಿ ಜಾಗ ತುಂಬುವಂಥದ್ದು. ಅದರ ಮೇಲೆ ಇನ್ನೊಂದು, ಇನ್ನೊಂದರ ಮೇಲೆ ಮತ್ತೊಂದು ಅಂತ ನಿಂತದ್ದೆಲ್ಲ ಕುಸಿದು ಸಾವಿರಾರು ಕಡೆ ಕೆಲಸ ನಿಂತಿತು. ಉಗ್ರಾಣದವರು ಅದೇ ದಿನ ವಾಪಸ್ ತಂದಿಟ್ಟರು. ನನ್ನ ಕ್ವಾಡ್‌ಪ್ರಾಗ್, ಝೂ ನೆನಪಾಯಿತು.

ನಮ್ಮ ಮನೆಯಲ್ಲೂ ಒಂದು ಕುಸಿತ ಆಗಿತ್ತು ಅನ್ನಿ. 2015ರ ಡಿಸೆಂಬರ್ 1ರ ರಾತ್ರಿಯ ಮಳೆ ಚೆನ್ನೈಯವರಿಗೆ ಮರೆಯೋ ಹಾಗಿಲ್ಲ. ನಮ್ಮದು ನೆಲಮಹಡಿ. ಮಕ್ಕಳ ಸರ್ಟಿಫಿಕೇಟು, ಅಕ್ಕಿ ಮೂಟೆ ಎತ್ತಿಡೋದರಲ್ಲಿ ಮೇಜಿನ ಕೆಳಗಿದ್ದ ಕಂಪ್ಯೂಟರ್ ಮರೆತೇ ಹೋಯಿತು. ನೀರು ಇಳಿದ ಮೇಲೆ ಹೊಸ ಲ್ಯಾಪ್‌ಟಾಪ್ ತಗೊಂಡು ಕೂತರೆ ಎಂಟು ವರ್ಷದಲ್ಲಿ ಯಾವ ಯಾವ ಪ್ಯಾಕೇಜು ಹಾಕಿದ್ದೆ ಅನ್ನೋದೇ ನೆನಪಿಲ್ಲ. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ಯಾಕೇಜಿನ ಹೆಸರು, ಆವೃತ್ತಿ, ಹಾಕಿದ ದಿನಾಂಕ, ಮೂರು ಕಾಲಂ. ಬ್ಯಾಂಕಿನವನ ಬುದ್ಧಿ ಎಲ್ಲಿ ಹೋಗುತ್ತೆ! ಆದರೆ ಒಂದು ಕಾಲಂ ಬಿಟ್ಟುಹೋಗಿತ್ತು. ಅದು ಗೊತ್ತಾದದ್ದು ನಾಲ್ಕು ವರ್ಷದ ಮೇಲೆ.

2016ರಿಂದ ನನಗೆ ಶಾಖೆಗಳ ಸಾಲದ ಕಡತ ತಪಾಸಣೆಯ ಕೆಲಸ. ಒಂದು ಶಾಖೆಯಲ್ಲಿ 840 ಕಡತ ಇದ್ದರೆ 40 ಆರಿಸಿ ನೋಡಬೇಕು. ಹಿಂದೆ ಕೈಗೆ ಸಿಕ್ಕಿದ್ದು ಎತ್ತುತ್ತಿದ್ದರು. ಕೈಗೆ ಸಿಗೋದು ಯಾವಾಗಲೂ ತೆಳ್ಳಗಿನ ಕಡತವೇ ಅನ್ನೋದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಪಕ್ಷಪಾತ ಬೇಡ ಅಂತ ನಾನು ಆರ್‌ನಲ್ಲಿ ಎರಡು ಸಾಲು ಬರೆದೆ. ಒಂದರಿಂದ 840ರವರೆಗಿನ ಕ್ರಮಸಂಖ್ಯೆಯಲ್ಲಿ 40 ಸಂಖ್ಯೆ ಚೀಟಿ ಎತ್ತಿದ ಹಾಗೆ ಕೊಡೋದು. ಗಿರಾಕಿಗಳ ಹೆಸರು ದಿಸೆ ಏನೂ ಇಲ್ಲ, ಬರೇ ಸಂಖ್ಯೆ. ಚೀಟಿ ಎತ್ತುವ ಮುಂಚೆ ‘ಬೀಜ’ ಅಂತ ಒಂದು ಅಂಕಿ ಕೊಡಬೇಕು. ಅದೇ ಬೀಜ ಕೊಟ್ಟರೆ ಯಾರು, ಯಾವಾಗ ಮಾಡಿದರೂ ಅದೇ 40 ಬರುತ್ತವೆ. ನಾನು 1956 ಅಂತ ಕೊಡುತ್ತಿದ್ದೆ, ಯಾಕೆ ಅಂತ ಕನ್ನಡದವರಿಗೆ ಹೇಳಬೇಕಿಲ್ಲ. ಬೀಜ, ಒಟ್ಟು ಸಂಖ್ಯೆ, ಬಂದ ಪಟ್ಟಿ ಮೂರನ್ನೂ ರಿಜಿಸ್ಟರಿನಲ್ಲಿ ಬರೆದು ಸಹಿ. ನಾಳೆ ಯಾರಾದರೂ ಕೇಳಿದರೆ ಮಾಡಿ ತೋರಿಸಬಹುದು ಅನ್ನೋ ಧೈರ್ಯ.

2019ರಲ್ಲಿ ಕೇಳಿದರು. ಮೇಲಿನಿಂದ ಬಂದ ತಪಾಸಣೆ ಅಧಿಕಾರಿ ಜನವರಿಯ ಪುಟ ತೆಗೆದು, “ಇದನ್ನ ಮಾಡಿ ತೋರಿಸಿ ಸಾರ್” ಅಂದರು. ಅದೇ ಬೀಜ, ಅದೇ 840. ಬಂದ 40ರಲ್ಲಿ ರಿಜಿಸ್ಟರಿಗೆ ಹೊಂದಿದ್ದು ಎರಡೇ ಎರಡು. ಮತ್ತೆ ಹಾಕಿದೆ, ಅದೇ. ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದ್ದು ಒಂದೇ ಮಾತು. “ಸಾರ್, ಜನವರಿಯದು ಬಂದ ಪಟ್ಟಿಯಾ, ಬರೆದ ಪಟ್ಟಿಯಾ?”

ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾಳೆ ಬೆಳಿಗ್ಗೆವರೆಗೆ ಟೈಮ್ ಕೊಡಿ ಅಂದೆ. ಸಂಜೆ ದೊರೈಸ್ವಾಮಿ ಸಬ್‌ವೇ ದಾಟಿ ಮನೆಗೆ ನಡೆದು ಬಂದದ್ದು ನೆನಪಿದೆ, ದಾರಿಯಲ್ಲಿ ಏನು ನೋಡಿದೆ ಅನ್ನೋದು ನೆನಪಿಲ್ಲ. ಊಟ ಸೇರಲಿಲ್ಲ. ನೋಟ್‌ಬುಕ್ ತೆಗೆದೆ. ಜೂನಿನಲ್ಲಿ ಒಂದು ನಮೂದು ಇತ್ತು, ಎಕ್ಸೆಲ್ ಓದುವ ಪ್ಯಾಕೇಜು ಹೊಸದು. ಆಗ ನೆನಪಾಯಿತು. ಆ ಪ್ಯಾಕೇಜು ಹಾಕಿದಾಗ, ಇದು ನಿಮ್ಮದಕ್ಕಿಂತ ಹೊಸ ಆರ್‌ನಲ್ಲಿ ತಯಾರಾದದ್ದು ಅಂತ ಒಂದು ಎಚ್ಚರಿಕೆ ಬಂದಿತ್ತು. ಬರೇ ಎಚ್ಚರಿಕೆ, ಪ್ಯಾಕೇಜು ಚೆನ್ನಾಗೇ ನಡೆಯುತ್ತಿತ್ತು. ಸುಮ್ಮನಿರಬಹುದಿತ್ತು. ಅಚ್ಚುಕಟ್ಟಿನ ಹುಚ್ಚಿಗೆ ಆರ್ ಅನ್ನೇ ಹೊಸದು ಮಾಡಿಕೊಂಡೆ. ಪ್ಯಾಕೇಜುಗಳ ಆವೃತ್ತಿಯನ್ನೆಲ್ಲ ಬರೆದಿಟ್ಟಿದ್ದೆ, ಅವೆಲ್ಲ ನಿಂತಿರುವ ಆರ್‌ನ ಆವೃತ್ತಿಗೆ ಕಾಲಮ್ಮೇ ಇರಲಿಲ್ಲ.

ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಅನ್ನೋ ಪಟ್ಟಿ ಓದುತ್ತಾ ಹೋದೆ. 2019ರ ಏಪ್ರಿಲ್ 26ರಂದು ಬಂದ 3.6.0. ಚೀಟಿ ಎತ್ತುವ ವಿಧಾನವನ್ನೇ ಬದಲಾಯಿಸಿದ್ದರು! ಹಳೇ ವಿಧಾನದಲ್ಲಿ ಕೆಲವು ಸಂಖ್ಯೆಗಳಿಗೆ ಕೂದಲೆಳೆಯಷ್ಟು ಹೆಚ್ಚು ಅವಕಾಶ ಸಿಗುತ್ತಿತ್ತಂತೆ. ಚೀಟಿಗಳು ಕೋಟಿಗಟ್ಟಲೆ ಇದ್ದಾಗ ಅದು ದೊಡ್ಡ ತಪ್ಪಾಗಬಹುದು, 840ಕ್ಕೆ ಲೆಕ್ಕಕ್ಕೇ ಇಲ್ಲ. 2018ರಲ್ಲಿ ಇದನ್ನು ಎತ್ತಿ ತೋರಿಸಿದ ಇಬ್ಬರು ಕೆಲ್ಲಿ ಒಟ್ಟೊಬೋನಿ ಮತ್ತು ಫಿಲಿಪ್ ಸ್ಟಾರ್ಕ್, ಕ್ಯಾಲಿಫೋರ್ನಿಯಾದ ಬರ್ಕ್ಲಿಯವರು. ಈ ಸ್ಟಾರ್ಕ್ ಅಮೆರಿಕದ ಚುನಾವಣೆಗಳಲ್ಲಿ ಮತಪತ್ರಗಳನ್ನು ಚೀಟಿ ಎತ್ತಿ ಆಡಿಟ್ ಮಾಡುವ ಪದ್ಧತಿ ರೂಪಿಸಿದ ಮನುಷ್ಯ. ನನ್ನ ಥರಾನೇ ಆಡಿಟ್ ಆಸಾಮಿ! ನನ್ನ ನಿದ್ದೆ ಕೆಡಿಸಿದ್ದು ನನ್ನ ಜಾತಿಯವನೇ ಅಂತ ನಗುವೂ ಬಂತು.

ಹಳೇ ವಿಧಾನ ಬೇಕಾದವರಿಗೆ ಒಂದು ಸಾಲು ಬಿಟ್ಟಿದ್ದರು. ಚೀಟಿ ಎತ್ತುವ ಬಗೆಯನ್ನು ‘ರೌಂಡಿಂಗ್’ ಮಾಡು ಅಂತ ಬರೆದೆ. ಇದು ಸರಿಸಮನಾದ ವಿಧಾನವಲ್ಲ ಅಂತ ಆರ್ ಗದರಿತು. ಗದರಲಿ. ಬೀಜ 1956. ಒಂದೊಂದೇ ಸಂಖ್ಯೆ ಬೆರಳಿಟ್ಟು ಹೊಂದಿಸಿದೆ, ನಲವತ್ತಕ್ಕೆ ನಲವತ್ತು. ರಾತ್ರಿ ಒಂದೂವರೆ ಆಗಿತ್ತು. ಎದ್ದು ಹೋಗಿ ತಣ್ಣಗಾದ ಸಾರನ್ನ ತಿಂದೆ.

ಬೆಳಿಗ್ಗೆ ಆ ಅಧಿಕಾರಿಯ ಎದುರು ಎರಡೂ ವಿಧಾನ ಮಾಡಿ ತೋರಿಸಿ, ಬದಲಾವಣೆಯ ಟಿಪ್ಪಣಿ ಪ್ರಿಂಟ್ ತೆಗೆದು ಕೊಟ್ಟೆ. ನಿಧಾನವಾಗಿ ಎರಡು ಸಲ ಓದಿದರು. ಕ್ಷಮಿಸಿ ಅಂತೇನೂ ಹೇಳಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ. ಅವರು ಕೇಳಿದ್ದು ಅವರ ಕೆಲಸ. ರಿಜಿಸ್ಟರ್ ತಿರುಗಿಸಿ ಸ್ಕೇಲ್ ತಗೊಂಡು ತಾವೇ ಇನ್ನೊಂದು ಕಾಲಂ ಎಳೆದರು. ಅದರ ತಲೆಗೆ ‘ಆರ್ ಆವೃತ್ತಿ’ ಅಂತ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ, ಕಾಫಿ ತರಿಸಿ ಅಂದರು.

ಅರಸೀಕೆರೆಯ ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ಇನ್‌ಸ್ಟಾಲ್ ಮಾಡಿಸಿದೆ, ಲೈಬ್ರರಿ ಅಂತ ಕರೆಸಿದೆ, ಬಂತು. “ಆವೃತ್ತಿ ಎಷ್ಟು ಅಂತ ನೋಟ್ ಪುಸ್ತಕದಲ್ಲಿ ಬರ್ಕೊ” ಅಂದೆ. “ಪ್ಯಾಕೇಜಿಂದಾ ದೊಡ್ಡಪ್ಪ?” ಅಂದಳು. “ಎರಡರದ್ದೂ” ಅಂದೆ.

ಮೊನ್ನೆ ಹಳೇ ಆಫೀಸಿಗೆ ಯಾವುದೋ ಕೆಲಸಕ್ಕೆ ಹೋದಾಗ ಆ ರಿಜಿಸ್ಟರ್ ಕಣ್ಣಿಗೆ ಬಿತ್ತು. ಕಾಲಂ ಇನ್ನೂ ಇದೆ. ನನ್ನ ನಂತರ ಆ ಕೆಲಸಕ್ಕೆ ಬಂದ ಹುಡುಗ ಅದರಲ್ಲಿ ಪ್ರತಿ ತ್ರೈಮಾಸಿಕಕ್ಕೂ ಮುದ್ದಾಗಿ ‘ವಿಂಡೋಸ್ 10’ ಅಂತ ಬರೆದುಕೊಂಡು ಬಂದಿದ್ದಾನೆ.